ಕುದುರೆಮುಖ: ನೋಡಿದ್ದು, ಏರಿದ್ದು

ಪುತ್ತಿಗೆ ಎಂಬ ಹೆಸರಿನ ಊರುಗಳು ನಮ್ಮ ಕಡೆ ಮೂರಿವೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರಿತ್ತ ಪುತ್ತಿಗೆ ಹಿರಿಯಡಕದ ಸಮೀಪ, ಸ್ವರ್ಣಾ ನದಿಯ ದಡದಲ್ಲಿದೆ. ಇನ್ನೊಂದು ಕಾಸರಗೋಡಿನದು. ನಾನಿಂದು ಹೇಳಹೊರಟಿರುವುದು ಮೂಡುಬಿದಿರೆಯ ಮಗ್ಗುಲಲ್ಲಿರುವ ಪುತ್ತಿಗೆಯಿಂದ ಕಾಣುವ ಒಂದು ಬೆಟ್ಟದ ವಿಚಾರ. ಉಳ್ಳಾಲ ಸೀಮೆಯ ಚೌಟ ಅರಸರು ಮೂಡುಬಿದಿರೆಯಲ್ಲಿ ಅರಮನೆ ಕಟ್ಟಿ ನೆಲಸುವುದಕ್ಕೆ ಮುಂಚೆ ರಾಜಧಾನಿ ಮಾಡಿಕೊಂಡಿದ್ದುದು ಈ ಪುತ್ತಿಗೆಯನ್ನೇ. ಈಗ ಅಲ್ಲಿ ಅರಸೊತ್ತಿಗೆಯ ಗುರುತನ್ನು ಹುಡುಕಿಕೊಂಡು ಹೋಗುವವರಿಗೆ ಗದ್ದೆ, ತೋಟ, ದೇವಸ್ಥಾನ, ರಬ್ಬರಿನ ಸಾಲು, ಇಷ್ಟೇ ಸಿಕ್ಕೀತು. ಆದರೆ ಮೂಡಣ ದಿಕ್ಕು ಮಾತ್ರ ಚೌಟರು ಕಂಡಂತೆಯೇ ಇದೆ.

ಮಳೆಗಾಲ ಕಳೆದು ಗಾಳಿ ತಿಳಿಯಾದ ಮೇಲೆ, ಬೆಳಗಿನ ಆರು ಗಂಟೆಯ ಹೊತ್ತಿಗೆ ಅಲ್ಲಿಯ ಯಾವುದಾದರೊಂದು ಗುಡ್ಡದ ನೆತ್ತಿಯಲ್ಲಿ ನಿಂತು ನೋಡಬೇಕು. ಘಟ್ಟದ ಸಾಲು ಮೊದಲು ಕಪ್ಪಗೆ, ಆಮೇಲೆ ನೀಲಿಯಾಗಿ, ಬಿಸಿಲೇರಿದಂತೆ ಹೊಗೆಯಂತಾಗಿ ಕೊನೆಗೆ ಇಲ್ಲವೇ ಆಗಿಬಿಡುತ್ತದೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆದ್ದು ನಿಂತದ್ದು ಕುದುರೆಮುಖ. ಎತ್ತರ 1894 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಮೂವತ್ತಾರು ಮೀಟರಿನಷ್ಟು ಕಡಿಮೆ. ಹದ್ದು ಹಾರುವ ಹಾದಿಯಲ್ಲಿ ಪುತ್ತಿಗೆಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಮೋಟರು ಹೋಗುವ ಹಾದಿಯಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು, ಅದಾದ ಮೇಲೆ ಕಾಲುಹಾದಿ.

ಕುದುರೆಯ ಮುಖ ಎಂಬ ಹೆಸರು ಕಡಲಲ್ಲಿ ದೋಣಿ ನಡೆಸುವವರ ಕಣ್ಣಿಗೆ ಒಪ್ಪುವಂಥದು. ಅವರಿಗೆ ದೂರದಿಂದ ದಿಕ್ಕು ಹೇಳುತ್ತಿದ್ದ ಗುರುತು ಅದು. ನಮ್ಮ ಪುತ್ತಿಗೆಯ ಕೋನದಿಂದ ನೋಡಿದರೆ ಕುದುರೆಯನ್ನು ಕಾಣಲು ಸ್ವಲ್ಪ ಕವಿತ್ವ ಬೇಕು. ಮೂಡುಬಿದಿರೆಯ ಚೌಟರರಮನೆಯ ಮರದ ಕಂಬದಲ್ಲಿ ಐವರು ಸ್ತ್ರೀಯರು ಹೆಣೆದುಕೊಂಡು ಒಂದು ಕುದುರೆಯಾಗಿರುವ ಪಂಚನಾರೀತುರಗದ ಕೆತ್ತನೆಯಿದೆ. ಹತ್ತಿರ ಹೋದರೆ ಹೆಂಗಸರು, ಹಿಂದಕ್ಕೆ ಸರಿದರೆ ಕುದುರೆ. ಘಟ್ಟದ ಮೇಲಿನ ಸಂಸೆ, ಕಳಸದ ಕಡೆಯವರಿಗಂತೂ ಕುದುರೆಯೇ ಇರಲಿಲ್ಲ. ಹಿಂದೆ ಆ ಮಗ್ಗುಲಲ್ಲಿ ಇದಕ್ಕೆ ಸಂಸೆ ಪರ್ವತವೆಂದೇ ಹೆಸರು.

ತುಳುನಾಡಿನ ಕಥೆಗಳಲ್ಲಿ ಒಂದು ವಿಶೇಷವನ್ನು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅವುಗಳಲ್ಲಿ ಘಟ್ಟದಿಂದ ಎಲ್ಲವೂ ಇಳಿದು ಬರುತ್ತವೆ. ಪಾಡ್ದನಗಳ ದೈವಗಳು ಘಟ್ಟ ಇಳಿದು ಬಂದು ಒಂದೊಂದು ಬೀಡಿನಲ್ಲಿ ನೆಲೆ ಕೇಳುತ್ತವೆ. ಹೇರಿನೆತ್ತುಗಳು ಇಳಿದು ಬರುತ್ತವೆ. ನೇತ್ರಾವತಿ ಇಳಿದು ಬರುತ್ತಾಳೆ. ಮಳೆಗಾಲದಲ್ಲಿ ಗುಡುಗು ಕೂಡ ಅಲ್ಲಿಂದಲೇ ಇಳಿದು ಬಂದಂತೆ ಕೇಳುತ್ತದೆ. ಕೆಳಗಿನವನೊಬ್ಬ ಬೇರೆ ಕೆಲಸವಿಲ್ಲದೆ, ಕೇವಲ ತುದಿಯನ್ನು ಮುಟ್ಟಿ ಬರುವುದಕ್ಕೆಂದು ಮೇಲೇರಿದ ಕಥೆಯನ್ನು ನಾನು ಕೇಳಿಲ್ಲ. ಬೆಟ್ಟವೆಂದರೆ ನೋಡುವುದಕ್ಕೆ ಇದ್ದದ್ದು. ಅದರ ತಲೆಗೆ ಮೋಡ ಕವಿಯಿತೆಂದರೆ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಒಳಗೆ ತೆಗೆಯಬೇಕು. ಅಷ್ಟರಮಟ್ಟಿನ ವ್ಯವಹಾರ ನಮಗೂ ಅದಕ್ಕೂ.

ಹಾಗೆಂದು ಯಾರೂ ಏರಿರಲಿಲ್ಲವೆಂದಲ್ಲ. ಬೆಟ್ಟದ ಮಡಿಲಲ್ಲೇ ಬದುಕಿದ ಮಲೆಕುಡಿಯರು ಜೇನಿಗೆ, ಸೀಗೆಗೆ, ತಪ್ಪಿಸಿಕೊಂಡ ದನವನ್ನು ಹುಡುಕುವುದಕ್ಕೆ ಏರದ ಕೋಡುಗಲ್ಲಿಲ್ಲ. ಅವರದನ್ನು ಏರಿಕೆಯೆಂದು ಎಣಿಸಲಿಲ್ಲ, ನಾವೂ ಎಣಿಸಲಿಲ್ಲ. ಬ್ರಿಟಿಷರ ಕಾಲದ ಗೆಜೆಟಿಯರುಗಳನ್ನು ತೆರೆದರೆ, ಮಂಗಳೂರಿನ ಸೆಕೆ ತಾಳಲಾರದ ಜಿಲ್ಲೆಯ ದೊರೆಗಳು ಬೇಸಿಗೆಯಲ್ಲಿ ತಂಗುವುದಕ್ಕೆ ಈ ಬೆಟ್ಟದ ಮೇಲೊಂದು ಬಂಗಲೆ ಇಟ್ಟುಕೊಂಡಿದ್ದ ಸಂಗತಿ ಸಿಗುತ್ತದೆ. ಬೆಳ್ತಂಗಡಿ ತಾಲೂಕಿನ ನಾವೂರಿನಿಂದ ಹೇವಳದ ಮೂಲಕ ಮೇಲೇರುವ ಹಳೆಯ ದಾರಿ ಆ ಕಾಲದ್ದು. ದೊರೆಯ ಹಾಸಿಗೆ, ಕುರ್ಚಿ, ಗಾಜಿನ ಪಾತ್ರೆಗಳು ಯಾರ ತಲೆಯ ಮೇಲೆ ಆ ದಾರಿಯನ್ನು ಏರಿದವೆಂದು ಗೆಜೆಟಿಯರು ಹೇಳುವುದಿಲ್ಲ. ಹೇಳುವ ಅಗತ್ಯವೂ ಅದಕ್ಕೆ ಕಂಡಿರಲಾರದು.

ಈ ಮರೆವು ನಮ್ಮ ದೇಶದ ಗೆಜೆಟಿಯರುಗಳಿಗಷ್ಟೇ ಸೇರಿದ್ದಲ್ಲ. 1336ನೆಯ ಇಸವಿಯ ಏಪ್ರಿಲ್ 26ರಂದು ಇಟಲಿಯ ಕವಿ ಪೆಟ್ರಾರ್ಕ ತನ್ನ ತಮ್ಮನೊಡನೆ ಫ್ರಾನ್ಸಿನ ವೆಂಟೂ ಎಂಬ ಪರ್ವತವನ್ನು ಏರಿದ. ಎತ್ತರ ಸುಮಾರು 1910 ಮೀಟರ್, ಹೆಚ್ಚುಕಡಿಮೆ ನಮ್ಮ ಕುದುರೆಮುಖದಷ್ಟೇ. ನೋಡಬೇಕೆಂಬ ಒಂದೇ ಬಯಕೆಯಿಂದ ಬೆಟ್ಟವೇರಿದ ಮೊದಲಿಗನೆಂದು ಪಶ್ಚಿಮದ ಸಾಹಿತ್ಯಚರಿತ್ರೆಗಳು ಅವನನ್ನು ಕೊಂಡಾಡುತ್ತವೆ. ಶಿಖರದ ಮೇಲೆ ಆತ ಸಂತ ಅಗಸ್ಟೀನನ ಆತ್ಮಕಥೆಯನ್ನು ತೆರೆದು ಓದಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದೇ ಪತ್ರದಲ್ಲಿ ಇನ್ನೊಬ್ಬನಿದ್ದಾನೆ. ಬೆಟ್ಟದ ತಪ್ಪಲಲ್ಲಿ ಎದುರಾದ ಒಬ್ಬ ಮುದಿ ಕುರುಬ. ತಾನು ಐವತ್ತು ವರ್ಷಗಳ ಹಿಂದೆ ಇದರ ತುದಿಗೆ ಹೋಗಿದ್ದೆ, ಮೈಯೂ ಬಟ್ಟೆಯೂ ಹರಿದದ್ದೊಂದೇ ಲಾಭವೆಂದು ಹೇಳಿ ಈ ಅಣ್ಣತಮ್ಮಂದಿರನ್ನು ತಡೆಯಲು ನೋಡುತ್ತಾನೆ. ಕೇಳದೆ ಹೊರಟಾಗ ಬಂಡೆಗಳ ನಡುವಿನ ದಾರಿಯನ್ನು ಬೊಟ್ಟುಮಾಡಿ ತೋರಿಸುತ್ತಾನೆ. ಮೊದಲಿಗನಿಗೆ ದಾರಿ ಹೇಳಿದವನು ಅವನಿಗಿಂತ ಅರ್ಧ ಶತಮಾನ ಮುಂಚೆ ಹೋಗಿ ಬಂದವನು! ಅವನ ಹೆಸರನ್ನು ಕವಿ ಬರೆದಿಡಲಿಲ್ಲ.

ನಮ್ಮ ಕನ್ನಡ ಪತ್ರಿಕೆಗಳು ಈ ಹವ್ಯಾಸಕ್ಕೆ ‘ಚಾರಣ’ವೆಂಬ ಮಾತನ್ನು ನೆಲೆಗೊಳಿಸಿವೆ. ಜೈನಪುರಾಣಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನ್ನಂಥವನಿಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತುಟಿಯಂಚಿನಲ್ಲಿ ನಗೆ ಮೂಡುತ್ತದೆ. ಚಾರಣರೆಂದರೆ ತಪಸ್ಸಿನ ಬಲದಿಂದ ಆಕಾಶದಲ್ಲಿ ಸಂಚರಿಸುವ ಋದ್ಧಿಯನ್ನು ಪಡೆದ ಮುನಿಗಳು. ಆದಿಪುರಾಣದಲ್ಲಿ ಭೋಗಭೂಮಿಯ ದಂಪತಿಗಳಿಗೆ ಧರ್ಮವನ್ನು ತಿಳಿಸಲು ಅಂಥವರು ಗಗನಮಾರ್ಗದಿಂದ ಬಂದಿಳಿಯುತ್ತಾರೆ. ಕಾಲು ನೆಲಕ್ಕೆ ತಾಗದವರ ಹೆಸರು ಕಾಲಿಗೆ ಬೊಬ್ಬೆ ಬರುವವರಿಗೆ ಬಂತಲ್ಲ ಎಂದು ನಗೆ. ಇಂಗ್ಲಿಷಿನ ಟ್ರೆಕ್ ಎಂಬ ಮಾತಿನ ಗತಿಯೂ ಅಷ್ಟೇ. ಅದು ದಕ್ಷಿಣ ಆಫ್ರಿಕದ ಡಚ್ಚರಿಂದ ಬಂದದ್ದು, ಎತ್ತಿನ ಬಂಡಿಯಲ್ಲಿ ಸಂಸಾರ ಸಾಗಿಸುವ ಕಷ್ಟದ ಪಯಣಕ್ಕೆ ಇದ್ದ ಮಾತು. ಈಗ ಅದು ಶನಿವಾರ ಭಾನುವಾರಗಳ ವಿನೋದ.

ಆ ವಿನೋದಕ್ಕೆ ನಾನೂ 2024ರ ಡಿಸೆಂಬರಿನಲ್ಲಿ ಸೇರಿಕೊಂಡೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, “ಅಪ್ಪ, ಹುಟ್ಟಿದಂದಿನಿಂದ ನೋಡ್ತಾ ಇದ್ದೀರಲ್ಲ, ಒಮ್ಮೆ ಹೋಗಿ ಬರುವ” ಎಂದು ಹೊರಡಿಸಿದಳು. ಈಗ ಬೇಕೆಂದಾಗ ಹೋಗುವಂತಿಲ್ಲ. 2024ರ ಜನವರಿ ಕೊನೆಯ ವಾರದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿ, ಕಾಡಿನ ಕಾಲುಹಾದಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೂ ಕಂಡಿರಬಹುದು. ಅದರ ಬೆನ್ನಿಗೇ ಸರಕಾರ ಬೆಟ್ಟದ ದಾರಿಗಳನ್ನು ಕೆಲಕಾಲ ಮುಚ್ಚಿತು. ಮುಂಗಡವಾಗಿ ಹೆಸರು ಕಾದಿರಿಸಿದವರಿಗೆ ಮಾತ್ರ ಪ್ರವೇಶ, ಕುದುರೆಮುಖಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಅದೇ ವರ್ಷ ಬಂತು. ಜೊತೆಯಲ್ಲಿ ಸ್ಥಳೀಯ ಮಾರ್ಗದರ್ಶಿ ಇರಬೇಕು, ಬೆಟ್ಟದ ಮೇಲೆ ರಾತ್ರಿ ತಂಗಕೂಡದು, ಸಂಜೆಗೆ ಮುಂಚೆ ಇಳಿದು ಬರಬೇಕು. ಈ ಕಟ್ಟಳೆಗಳನ್ನು ದೂರುವವರಿದ್ದಾರೆ. ನನಗಂತೂ ಮುನ್ನೂರು ಕೂಡ ಹೆಚ್ಚೆಂದೇ ತೋರಿತು.

ನಮ್ಮ ತಂಡದಲ್ಲಿ ಇಪ್ಪತ್ತು ಮಂದಿ. ಹತ್ತೊಂಬತ್ತು ಮಂದಿ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ವ್ಯಾನು ಹತ್ತಿ, ಕತ್ತು ವಾರೆ ಮಾಡಿಕೊಂಡು ನಿದ್ದೆಗೆಟ್ಟು ಬಂದವರು. ನಾನೊಬ್ಬ ಮಾತ್ರ ಶುಕ್ರವಾರ ಮಧ್ಯಾಹ್ನವೇ ಮೂಡುಬಿದಿರೆಯಿಂದ ಕಾರ್ಕಳ, ಬಜಗೋಳಿ, ಮಾಳದ ದಾರಿಯಾಗಿ ಘಟ್ಟ ಹತ್ತಿದೆ. ದಾರಿಯಲ್ಲಿ ಒಂದು ತಿರುವಿಗೆ ಇಂದಿಗೂ ಎಸ್.ಕೆ. ಬಾರ್ಡರ್ ಎಂದೇ ಹೆಸರು. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ಎಷ್ಟೋ ಕಾಲವಾಗಿದ್ದರೂ ಅದರ ಗಡಿ ಬಸ್ಸಿನ ಟಿಕೇಟಿನಲ್ಲಿ ಉಳಿದುಕೊಂಡಿದೆ. ಮುಂದೆ ಕುದುರೆಮುಖವೆಂಬ ಪೇಟೆ ಸಿಗುತ್ತದೆ, ಕಬ್ಬಿಣದ ಅದಿರಿಗಾಗಿ ಕಟ್ಟಿದ ಪೇಟೆ. 1976ರಲ್ಲಿ ಸ್ಥಾಪನೆಯಾದ ಕಂಪನಿ ಇರಾನ್ ದೇಶಕ್ಕೆ ಅದಿರು ಕಳಿಸುವ ಉದ್ದೇಶದಿಂದ ಇಲ್ಲಿ ಕೆಲಸ ಆರಂಭಿಸಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೊರೆಯ ಆಳ್ವಿಕೆ ಹೋಯಿತು. ಬೆಟ್ಟದ ಪುಡಿ ಮಾತ್ರ ನೀರಿನಲ್ಲಿ ಕಲಸಿಕೊಂಡು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಹರಿಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗಣಿಯಾದದ್ದು ಶಿಖರವಲ್ಲ, ಅದರ ನೆರೆಯ ಬೆಟ್ಟಗಳು. ಆದರೂ ನಮ್ಮ ಕಥೆಗಳಲ್ಲಿ ಇಳಿದು ಬರುವ ವಸ್ತುಗಳ ಪಟ್ಟಿಗೆ ಕೊನೆಗೆ ಬೆಟ್ಟವೂ ಸೇರಿತಲ್ಲ ಎಂದು, ಬಾಗಿಲು ಮುಚ್ಚಿದ ಮನೆಗಳ ಸಾಲನ್ನು ನೋಡುತ್ತ ಕುಳಿತಾಗ ಅನ್ನಿಸಿತು.

ಸಂಸೆಯ ಸಮೀಪದ ಬಾಳೆಗಲ್ಲಿನಿಂದ ಮುಳ್ಳೋಡಿ ಎಂಬಲ್ಲಿಗೆ ಜೀಪು ಹೋಗುತ್ತದೆ. ಜೀಪಿನ ಆ ಆರು ಕಿಲೋಮೀಟರು ಉಳಿದ ದಿನದ ನಡಿಗೆಗಿಂತ ಕಠಿಣ, ಅದರ ವರ್ಣನೆ ಬೇಡ. ಅಕ್ಕಿರೊಟ್ಟಿ ತಿಂದು, ಬುತ್ತಿಯ ಚಿತ್ರಾನ್ನವನ್ನು ಬೆನ್ನಿಗೇರಿಸಿಕೊಂಡು, ಅರಣ್ಯ ಇಲಾಖೆಯವರು ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಇದೆಯೇ ಎಂದು ನೋಡಿ ಬಿಟ್ಟಾಗ ಏಳು ಗಂಟೆ. ಹೋಗಿ ಬರುವ ದಾರಿ ಇಪ್ಪತ್ತು ಕಿಲೋಮೀಟರಿನ ಸುಮಾರು. ನಮ್ಮನ್ನು ನಡೆಸಲು ಇಬ್ಬರಿದ್ದರು. ಒಬ್ಬ ಬೆಂಗಳೂರಿನಿಂದ ಬಂದ ತಂಡದ ನಾಯಕ, ಲವಲವಿಕೆಯ ಹುಡುಗ. ಎಲ್ಲರನ್ನೂ ವೃತ್ತಾಕಾರ ನಿಲ್ಲಿಸಿ ಹೆಸರು ಹೇಳಿಸಿದ, ಕೈಕಾಲು ಆಡಿಸಿದ. ಇನ್ನೊಬ್ಬ ಸ್ಥಳೀಯ ಮಾರ್ಗದರ್ಶಿ, ನಲವತ್ತರ ಮೇಲಿನ ವಯಸ್ಸು, ಕೈಯಲ್ಲೊಂದು ಕತ್ತಿ. ವೃತ್ತದ ಹೊರಗೆ ನಿಂತಿದ್ದ. ಅವನ ಹೆಸರನ್ನು ಯಾರೂ ಕೇಳಲಿಲ್ಲ. “ಗೈಡ್” ಎಂದರೆ ಸಾಕಾಗಿತ್ತು.

ಮೊದಲ ಒಂದು ಗಂಟೆ ಅವನ ಕೆಲಸ ತಲೆ ಎಣಿಸುವುದು. ತೊರೆ ದಾಟಿದಾಗ ಇಪ್ಪತ್ತು, ಕಾಡಿನಿಂದ ಹೊರಬಿದ್ದಾಗ ಇಪ್ಪತ್ತು. ನಾನು ನಿಧಾನ ನಡೆಯುವವನಾದ್ದರಿಂದ ಅವನು ನನ್ನ ಬಳಿ ಉಳಿದ. ಯಾವ ಊರೆಂದು ಕೇಳಿದ. ಬೆದ್ರವೆಂದೆ. ತಟ್ಟನೆ ಅವನ ಮಾತು ತುಳುವಿಗೆ ತಿರುಗಿತು. ಅವನ ತಾಯಿಯ ತವರು ಘಟ್ಟದ ಕೆಳಗೆ, ನಾವೂರಿನ ಕಡೆ. ಮದುವೆಯಾಗಿ ಬಂದಾಗ ಆಕೆ ಹಳೆಯ ದಾರಿಯಲ್ಲೇ ಬೆಟ್ಟದ ಹೆಗಲು ದಾಟಿ ಬಂದವಳಂತೆ. ಆ ದಾರಿಯಲ್ಲಿ ಈಗ ಹೋಗಗೊಡುವುದಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದವನೆಂದು ತಿಳಿದ ಮೇಲೆ ‘ಸಾರ್’ ಹೋಗಿ ‘ಮಾಸ್ಟ್ರೇ’ ಬಂತು. ಆಮೇಲಿನ ಬೆಟ್ಟವೇ ಬೇರೆ.

ಕುದುರೆಮುಖದ ಮೈ ಎರಡು ಬಣ್ಣದ್ದು. ಏಣುಗಳ ಮೇಲೆಲ್ಲ ಹುಲ್ಲು. ಎರಡು ಏಣುಗಳ ನಡುವಿನ ಮಡಿಕೆಗಳಲ್ಲಿ, ನೀರಿಳಿಯುವ ಜಾಗದಲ್ಲಿ, ಗಿಡ್ಡ ಮರಗಳು ಒತ್ತಿ ಬೆಳೆದ ಶೋಲಾ ಕಾಡು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಸ್ಥಳ. ಆ ಮಳೆಯನ್ನು ಹುಲ್ಲು ಹಿಡಿಯುತ್ತದೆ, ಕಾಡು ಇಟ್ಟುಕೊಳ್ಳುತ್ತದೆ, ಬೇಸಿಗೆಯುದ್ದಕ್ಕೂ ತೊಟ್ಟುತೊಟ್ಟಾಗಿ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಈ ಬೆಟ್ಟಗಳ ಗುಂಪಿನವರೇ. ಇಬ್ಬರು ಮೂಡಣಕ್ಕೆ ಹೋದರು, ಒಬ್ಬಳು ನಮ್ಮ ಕಡೆ ಬಂದಳು. ದೂರದಿಂದ ಬಂದವರಿಗೆ ಈ ದಾರಿಯಲ್ಲಿ ಗೊತ್ತಿರುವ ಹೆಸರುಗಳು ಎರಡೋ ಮೂರೋ: ಒಂಟಿಮರ, ಲೋಬೋ ಮನೆ, ತುದಿ. ಮಾರ್ಗದರ್ಶಿಯ ಬಾಯಲ್ಲಿ ಹಾಗಲ್ಲ. ಪ್ರತಿಯೊಂದು ಮಡಿಕೆಯ ಕಾಡಿಗೂ ಹೆಸರಿತ್ತು, ಪ್ರತಿಯೊಂದು ತೊರೆಗೂ ಇತ್ತು. ಎಮ್ಮೆಯೊಂದು ಜಾರಿ ಬಿದ್ದ ನೆನಪಿಗೆ ಒಂದು, ಮಾಗಿಯ ಗಾಳಿ ಮೊದಲು ತಾಗುವ ಏಣಿಗೆ ಒಂದು, ಯಾರೋ ಇಬ್ಬರು ಅಣ್ಣತಮ್ಮಂದಿರು ಮೇವಿನ ಗಡಿ ಹಂಚಿಕೊಂಡ ಬಂಡೆಗೆ ಒಂದು. ಕೆಲವು ತುಳು, ಕೆಲವು ಕನ್ನಡ. ಎರಡೂ ಅಲ್ಲದ ಒಂದೆರಡು ಹೆಸರುಗಳು ನನ್ನ ವ್ಯಾಕರಣಕ್ಕೆ ಸಿಕ್ಕಲಿಲ್ಲ. ಒಂಟಿಮರಕ್ಕೂ ಲೋಬೋ ಮನೆಗೂ ನಡುವೆ ಮೂರು ಸಲ ಕುಳಿತು ನಾನು ಟಿಪ್ಪಣಿ ಮಾಡಿಕೊಂಡೆ. ಮಗಳು ನನಗೆ ಏದುಸಿರು ಬಂತೆಂದು ತಿಳಿದು ಗಾಬರಿಯಾದಳು.

ಆಗ ನನಗೆ ನೆನಪಾದದ್ದು ನಮ್ಮ ಮೂಡುಬಿದಿರೆಯ ಧವಲಗ್ರಂಥಗಳು. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆ ಇಡೀ ಭಾರತದಲ್ಲಿ ಉಳಿದುಬಂದದ್ದು ನಮ್ಮ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಶತಮಾನಗಳ ಕಾಲ ಯಾತ್ರಿಕರು ಬರುತ್ತಿದ್ದರು, ಗ್ರಂಥಗಳ ದರ್ಶನ ಮಾಡುತ್ತಿದ್ದರು, ಕೈಮುಗಿದು ಹೋಗುತ್ತಿದ್ದರು. ಓದಿದವರಿಲ್ಲ. ಕೊನೆಗೆ ಪ್ರತಿಮಾಡುವ ಕೆಲಸ ಆರಂಭವಾಗಿ, ಒಂದು ಪ್ರತಿ ಗುಟ್ಟಾಗಿಯೇ ಹೊರಬಿದ್ದು, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಆ ಗರಿಗಳನ್ನು ಬಸದಿಯಲ್ಲಿ ಬಚ್ಚಿಟ್ಟವರನ್ನು ಆಮೇಲಿನ ವಿದ್ವಾಂಸರು ಸಾಕಷ್ಟು ಬೈದಿದ್ದಾರೆ. ಬಚ್ಚಿಟ್ಟದ್ದರಿಂದಲೇ ಉಳಿಯಿತೆಂಬುದೂ ಸುಳ್ಳಲ್ಲ. ಕುದುರೆಮುಖವೂ ಕೆಳಗಿನ ನಮಗೆ ದರ್ಶನದ ಗ್ರಂಥವೇ ಆಗಿತ್ತು. ಈಗ ಕಟ್ಟು ಬಿಚ್ಚಿದೆ, ದಿನಕ್ಕೆ ಮುನ್ನೂರು ಜನ ಗರಿಗಳ ಮೇಲೆ ಕಾಲಿಟ್ಟು ಹೋಗಬಹುದು. ಓದಬಲ್ಲವನೊಬ್ಬ ಜೊತೆಯಲ್ಲೇ ಇದ್ದಾನೆ, ಅವನಿಗೆ ಕೊಟ್ಟಿರುವ ಕೆಲಸ ತಲೆ ಎಣಿಸುವುದು.

ತುದಿಗೆ ಸ್ವಲ್ಪ ಕೆಳಗೆ ಜನ ಹಳೆಯ ಇಗರ್ಜಿಯದೆಂದು ಹೇಳುವ ಕಲ್ಲುಗೋಡೆಗಳಿವೆ. ಮಾಡು ಹೋಗಿ ಎಷ್ಟು ಕಾಲವಾಯಿತೋ, ಒಳಗೆ ಗಿಡಗಳು ಬೆಳೆದಿವೆ. ಗೋಡೆಯ ಕಲ್ಲಿನಲ್ಲಿ ಗೀಚಿದ ಹೆಸರುಗಳು, ಅವುಗಳ ಮೇಲೆ ಗೀಚಿದ ಇನ್ನಷ್ಟು ಹೆಸರುಗಳು. ಹನ್ನೊಂದೂವರೆಗೆ ತುದಿಯಲ್ಲಿದ್ದೆವು. ಪಡುವಣದಲ್ಲಿ ಮೋಡ ಹರಿದಾಗ ಬೆಳ್ತಂಗಡಿಯ ಬಯಲು ಕಂಡಿತು. ಕೆಳಗೆ ನಿಂತು ನೋಡಿದರೆ ಎದೆ ನಡುಗಿಸುವ ಗಡಾಯಿಕಲ್ಲು, ಟಿಪ್ಪು 1794ರಲ್ಲಿ ಜಮಲಾಬಾದ್ ಕೋಟೆ ಕಟ್ಟಿಸಿದ ಆ ಬಂಡೆ, ಇಲ್ಲಿಂದ ಯಾರೋ ಮರೆತು ಹೋದ ಒರಳುಕಲ್ಲಿನಂತೆ ಕಾಣುತ್ತಿತ್ತು. ಅದರಾಚೆ ಎಲ್ಲಿಯೋ ಪುತ್ತಿಗೆ. ಮಂಜಿನಲ್ಲಿ ಗುರುತು ಸಿಕ್ಕಲಿಲ್ಲ. ತರುಣರು ಒಬ್ಬೊಬ್ಬರಾಗಿ ಬಂಡೆಯ ಅಂಚಿನಲ್ಲಿ ನಿಂತು ಕೈಯಗಲಿಸಿ ಚಿತ್ರ ತೆಗೆಸಿಕೊಂಡರು. ಸರದಿಯಿತ್ತು. ಬೇರೆ ತಂಡಗಳವರೂ ಕಾಯುತ್ತಿದ್ದರು.

ಪಂಪ ತನ್ನ ಆದಿಪುರಾಣದಲ್ಲಿ ವರ್ಣಿಸಿದ ವೃಷಭಾಚಲದ ಪ್ರಸಂಗ ನಿಮ್ಮಲ್ಲಿ ಹಲವರಿಗೆ ನೆನಪಾಗಬಹುದು. ಷಟ್ಖಂಡ ಭೂಮಂಡಲವನ್ನು ಗೆದ್ದು ಬಂದ ಭರತ ಚಕ್ರವರ್ತಿ ತನ್ನ ಪ್ರಶಸ್ತಿಯನ್ನು ಆ ಬೆಟ್ಟದ ಮೇಲೆ ಕೆತ್ತಿಸಬೇಕೆಂದು ಹೋಗುತ್ತಾನೆ. ಹಿಂದೆ ಹೋದ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ತುಂಬಿಹೋಗಿ ಬೆರಳಿಡಲು ಜಾಗವಿಲ್ಲ. ಅವನ ಗರ್ವ ಕರಗುತ್ತದೆ. ಕರಗಿದ ಮೇಲೂ ಒಬ್ಬನ ಹೆಸರನ್ನು ಒರೆಸಿ ತನ್ನದನ್ನು ಕೆತ್ತಿಸುತ್ತಾನೆ! ತರಗತಿಯಲ್ಲಿ ಈ ಭಾಗವನ್ನು ಹೇಳುವಾಗ ನಾನು ಗರ್ವಭಂಗಕ್ಕೇ ಒತ್ತು ಕೊಡುತ್ತಿದ್ದೆ. ಸಾಲಿನ ಹಿಂದೆ ನಿಂತು ನೋಡಿದಾಗ, ಕವಿ ಎರಡನೆಯ ಸಂಗತಿಯಲ್ಲೇ ಹೆಚ್ಚು ಮನುಷ್ಯನನ್ನು ಬಲ್ಲವನೆನ್ನಿಸಿತು. ನನ್ನ ಚಿತ್ರವನ್ನೂ ಮಗಳು ತೆಗೆದಳು. ಚೆನ್ನಾಗಿಯೇ ಬಂದಿದೆ.

ಊಟದ ಹೊತ್ತಿಗೆ ಮಾರ್ಗದರ್ಶಿ ನನ್ನ ಪಕ್ಕದಲ್ಲಿ ಕುಳಿತ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ, ವಿಸ್ತಾರ 600 ಚದರ ಕಿಲೋಮೀಟರು. ಸಿಂಗಳೀಕಗಳಿಗೂ ಹುಲಿಗೂ ಹುಲ್ಲುಗಾವಲಿಗೂ ಅದರಿಂದ ಒಳಿತಾಗಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಗೆರೆಯೊಳಗೆ ತಲೆಮಾರುಗಳಿಂದ ಇದ್ದ ಮನೆಗಳಿಗೆ ಹೊರಡುವುದೋ ಇರುವುದೋ ಎಂಬ ಪ್ರಶ್ನೆ ಅಂದಿನಿಂದ ತಪ್ಪಿಲ್ಲ. ಆ ತೊಳಲಾಟ ಎಂಥ ಸ್ಥಿತಿಗೆ ಮುಟ್ಟಿತ್ತೆಂಬುದಕ್ಕೆ, 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದು ಗ್ರಾಮದಲ್ಲಿ ಗುಂಡಿಗೆ ಬಿದ್ದ ಇಬ್ಬರು ತರುಣಿಯರ ನೆನಪು ನಮ್ಮ ಸೀಮೆಯವರಿಗೆ ಮಾಸಿಲ್ಲ. ಪರಿಹಾರ ಪಡೆದು ಹೋದವರಿದ್ದಾರೆ, ಒಲ್ಲೆವೆಂದು ಉಳಿದವರಿದ್ದಾರೆ. ಇವನ ನೆಂಟರಲ್ಲಿ ಎರಡೂ ಬಗೆಯವರು. “ಹೋದದ್ದೇ ಒಳ್ಳೆಯದಾಯ್ತು ಮಾಸ್ಟ್ರೇ, ಮಕ್ಕಳಿಗೆ ಶಾಲೆ ಹತ್ತಿರ, ಆಸ್ಪತ್ರೆ ಹತ್ತಿರ,” ಎಂದ. ಸ್ವಲ್ಪ ತಡೆದು, “ಆದರೆ ಅಲ್ಲಿಂದ ಬೆಟ್ಟ ಕಾಣುವುದಿಲ್ಲ,” ಎಂದ. ಅವನ ಮಗ ಮಂಗಳೂರಿನಲ್ಲಿ ಯಂತ್ರಗಳ ಕೆಲಸ ಕಲಿಯುತ್ತಿದ್ದಾನೆ. ಈ ಕತ್ತಿ ಹಿಡಿದು ನಡೆಯುವ ಕೆಲಸಕ್ಕೆ ಬರಲೊಲ್ಲ. ಬರಲೆಂದು ತಂದೆಗೂ ಆಸೆಯಿಲ್ಲ. ವರ್ಷದಲ್ಲಿ ಬೆಂಕಿಯ ಭಯದ ತಿಂಗಳುಗಳು ಮುಚ್ಚಿರುತ್ತವೆ, ಉಳಿದ ದಿನಗಳಲ್ಲಿ ಶನಿವಾರ ಭಾನುವಾರ ಬಿಟ್ಟರೆ ದುಡಿಮೆ ಕಡಿಮೆ.

ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಬಂತು. ಗೋಪಾಲಯ್ಯನವರನ್ನು ನಾವೆಲ್ಲ ನಮ್ಮ ಅಜ್ಜನಂತೆ ನೆನೆಯುತ್ತೇವೆ. ಆದರೆ ಕತ್ತಲಲ್ಲಿ ದಾರಿ ತಪ್ಪಿದ ಅತಿಥಿಯನ್ನು ಆ ಮನೆಯ ಬಾಗಿಲಿಗೆ ಮುಟ್ಟಿಸಿದವರು ದೇರಣ್ಣ, ಬಟ್ಯ ಎಂಬಿಬ್ಬರು. ಕಾರಂತರು ಪೆಟ್ರಾರ್ಕನಂತಲ್ಲ, ಹೆಸರು ಹೇಳಿದರು. ಪರೀಕ್ಷೆಗೆ ಪ್ರಶ್ನೆ ತೆಗೆಯುವ ನಮ್ಮಂಥವರು ಮಾತ್ರ ಒಂದು ಸಲವೂ ಅವರಿಬ್ಬರ ಬಗೆಗೆ ಪ್ರಶ್ನೆ ತೆಗೆದದ್ದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ವಾರದ ಕೊನೆಗೆ ಬೆಟ್ಟಕ್ಕೆ ಬರುವ ತರುಣರ ಮೇಲೆ ನನಗೆ ಮುನಿಸಿಲ್ಲ. ಐದು ದಿನ ಗಾಜಿನ ಮನೆಯಲ್ಲಿ ಕುಳಿತು ಆರನೆಯ ದಿನ ಹುಲ್ಲಿನ ಮೇಲೆ ನಡೆಯಬೇಕೆನ್ನಿಸುವುದು ಆರೋಗ್ಯದ ಲಕ್ಷಣ. ನಮ್ಮ ತಂಡದಲ್ಲೇ ಒಬ್ಬ ಹುಡುಗಿ ಇಳಿಯುವಾಗ ಪರರು ಎಸೆದ ಕಾಗದಗಳನ್ನು ಚೀಲ ತುಂಬ ಹೆಕ್ಕಿಕೊಂಡು ಬಂದಳು. ಮಿತಿಯ ಕಟ್ಟಳೆಯೂ ಸರಿಯೇ. ನನ್ನ ತಕರಾರು ಮಾರ್ಗದರ್ಶಿಯನ್ನು ಬಳಸುವ ರೀತಿಯ ಬಗೆಗೆ. ಅವನನ್ನು ಕಾವಲಿಗಿಟ್ಟಿದ್ದೇವೆ, ಮಾತಿಗೆ ಕರೆದಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ನೇತೃತ್ವದಲ್ಲಿ ಸಿದ್ಧವಾದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರವರೆಗೆ ಹೊರಬಂದವು. ಊರೂರು ತಿರುಗಿ ಜನರ ಬಾಯಿಂದ ಸಂಗ್ರಹಿಸಿದ ಶಬ್ದಸಂಪತ್ತು ಅದು. ಅಂಥ ಶ್ರಮ ಈ ಬೆಟ್ಟಗಳ ಸ್ಥಳನಾಮಗಳಿಗೂ ಬೇಕು. ಒಂದೊಂದು ಏಣಿನ, ಒಂದೊಂದು ಹಳ್ಳದ ಹೆಸರನ್ನು ಬಲ್ಲವರು ಇನ್ನೂ ಇದ್ದಾರೆ, ಇನ್ನೊಂದು ತಲೆಮಾರಿಗೆ ಇರಲಾರರು. ಅದಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ. ಒಂದು ಟಿಪ್ಪಣಿಪುಸ್ತಕ, ತುಳು ಬಲ್ಲ ಇಬ್ಬರು ವಿದ್ಯಾರ್ಥಿಗಳು, ಮಾರ್ಗದರ್ಶಿಗೆ ಅವನ ದಿನದ ಸಂಬಳ, ಇಷ್ಟು ಸಾಕು.

ಈ ಮಾತನ್ನೇ ನಾನು ಅಲ್ಲಿ, ಇಳಿಯುವ ದಾರಿಯಲ್ಲಿ, ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. “ನೀವು ಬರೆದು ಅಚ್ಚು ಮಾಡಿದರೆ, ಮುಂದಿನ ಶನಿವಾರಕ್ಕೆ ಅದು ಎಲ್ಲರ ಫೋನಿನಲ್ಲಿರುತ್ತದೆ. ಈಗ ಒಂದು ದಾರಿಯಲ್ಲಿ ಮಾತ್ರ ಹೋಗುತ್ತಾರೆ. ಹೆಸರು ಗೊತ್ತಾದರೆ ಆ ತೊರೆ ಎಲ್ಲಿ, ಈ ಕಾಡು ಎಲ್ಲಿ ಎಂದು ಕೇಳುತ್ತಾರೆ,” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಬಸದಿಯ ಗರಿಗಳನ್ನು ಕಾಯುತ್ತಿದ್ದವರೂ ಕೇಳಬಂದ ಪಂಡಿತರಿಗೆ ಹೀಗೆಯೇ ಹೇಳಿದ್ದಿರಬೇಕು. ಬರೆಯದಿದ್ದರೆ ಅವನ ಕಾಲಕ್ಕೆ ಮುಗಿಯುತ್ತದೆ, ಬರೆದರೆ ಬೆಟ್ಟಕ್ಕೆ ಉಳಿಗಾಲವಿಲ್ಲ ಎಂದು ಅವನ ಭಯ. ಆದ್ದರಿಂದ ಆ ಹೆಸರುಗಳಲ್ಲಿ ಒಂದನ್ನೂ ನಾನು ಈ ಭಾಷಣದಲ್ಲಿ ಹೇಳುತ್ತಿಲ್ಲ. ನೀವು ಗಮನಿಸಿರಬಹುದು, ಅರ್ಥಗಳನ್ನಷ್ಟೇ ಹೇಳಿದ್ದೇನೆ. ಟಿಪ್ಪಣಿಪುಸ್ತಕ ನನ್ನ ಕಪಾಟಿನಲ್ಲಿದೆ. ಅದನ್ನು ಎಲ್ಲಿ, ಯಾರ ಕೈಗೆ, ಯಾವ ನಿಬಂಧನೆಯ ಮೇಲೆ ಕೊಡಬೇಕೆಂಬುದನ್ನು ನಾನೊಬ್ಬನೇ ತೀರ್ಮಾನಿಸುವಂತಿಲ್ಲ. ಹೆಸರುಗಳು ನನ್ನವಲ್ಲ.

ಸಂಜೆ ನಾಲ್ಕೂವರೆಗೆ ಮುಳ್ಳೋಡಿಗೆ ಇಳಿದೆವು. ಮಾರ್ಗದರ್ಶಿ ಕೊನೆಯ ಸಲ ಎಣಿಸಿದ, ಇಪ್ಪತ್ತು. ತಂಡದ ನಾಯಕ ಎಲ್ಲರನ್ನೂ ಮತ್ತೆ ವೃತ್ತದಲ್ಲಿ ನಿಲ್ಲಿಸಿ ಅನುಭವ ಹೇಳಿಸಿದ. ಅಷ್ಟರಲ್ಲಿ ಮಾರ್ಗದರ್ಶಿ ಹೊರಟುಹೋಗಿದ್ದ. ನನ್ನ ಮೊಣಕಾಲುಗಳು ಮೂರು ದಿನ ಮುಷ್ಕರ ಹೂಡಿದವು.

ನಾಲ್ಕನೆಯ ದಿನ ಸಂಜೆ ಮನೆಯ ಫೋನು ಕರೆಯಿತು. ಅವನೇ. ಬೆಟ್ಟದಲ್ಲಿ ಫೋನಿನ ಸಂಪರ್ಕ ಸಿಗದೆ, ಏನೋ ಕೆಲಸಕ್ಕೆಂದು ಕಳಸದ ಪೇಟೆಗೆ ಬಂದವನು ಅಲ್ಲಿಂದ ಮಾತಾಡುತ್ತಿದ್ದ. “ಮಾಸ್ಟ್ರೇ, ಎರಡನೆಯ ತೊರೆ ದಾಟಿದ ಮೇಲೆ ಬಲಗಡೆಯ ಕಾಡಿಗೆ ನಾನು ಹೇಳಿದ ಹೆಸರು ಸರಿಯಲ್ಲವಂತೆ. ಅಮ್ಮನನ್ನು ಕೇಳಿದೆ. ಅದು ಅದರಾಚೆಯದರ ಹೆಸರು. ನಿಮ್ಮ ಪುಸ್ತಕದಲ್ಲಿ ತಿದ್ದಿಕೊಳ್ಳಿ,” ಎಂದ. ಅಕ್ಷರ ತಪ್ಪಾಗಬಾರದೆಂದು ಎರಡು ಸಲ ಹೇಳಿಸಿಕೊಂಡು ತಿದ್ದಿಕೊಂಡೆ.